ಪಿಕಪ್ಪಿನ ಹಿಂದಿನ ಅಚ್ಚು

ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಹದಿನೇಳು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಜನ್ಮದಲ್ಲಿ ಅಷ್ಟು ದಿನ ನಾನು ಸುಮ್ಮನಿದ್ದದ್ದು ಅದೇ ಮೊದಲು, ಅದೇ ಕೊನೆ. ಬಾಗಲಕೋಟೆಯಿಂದ ಕಳಿಸಿಕೊಡುವಾಗ ಅವ್ವ, "ಅಲ್ಲಿ ಹೋಗಿ ಶ್ಯಾಣ್ಯಾತನ ತೋರಸಬ್ಯಾಡ. ಕೇಳಿದ್ದಕ್ಕಷ್ಟ ಮಾತಾಡು" ಎಂದು ಮೂರು ಸಲ ಹೇಳಿದ್ದಳು. ಹದಿನೆಂಟನೆಯ ದಿನ ಮುಂಜಾನೆ ನಾನು ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದೆ. ಮಾವನವರು ಹಳೆಯ ಪಿಕಪ್ ಗಾಡಿಯ ಮುಂದಿನ ಎಡಗಡೆ ಚಕ್ರದ ನಟ್ಟಿಗೆ ಪಾನಾ ಹಾಕಿ, ಧೋತರ ಎತ್ತಿ ಕಟ್ಟಿ, ಪಾನಾದ ಮೇಲೆ ತಾವೇ ಹತ್ತಿ ನಿಂತು ಕುಪ್ಪಳಿಸುತ್ತಿದ್ದರು. ಅವರಿಗೆ ಆಗ ಅರವತ್ತರ ಹತ್ತಿರ. ಒಂದೊಂದು ಸಲ ಕುಪ್ಪಳಿಸಿದಾಗಲೂ ನಟ್ಟು ಇನ್ನಷ್ಟು ಬಿಗಿಯಾಗುತ್ತಿತ್ತು. ನನಗೆ ಹಲ್ಲು ಕಚ್ಚಿಕೊಂಡು ನಿಲ್ಲಲು ಆಗಲೇ ಇಲ್ಲ.

"ಅದು ಎಡಗಡಿ ಚಕ್ರ ಐತ್ರೀ ಮಾವಾರ. ಉಲ್ಟಾ ತಿರಗಸ್ರಿ" ಅಂದುಬಿಟ್ಟೆ.

ಅವರು ಪಾನಾದ ಮೇಲೆ ನಿಂತೇ ನನ್ನ ಕಡೆ ತಿರುಗಿ ನೋಡಿದರು. ಹಗ್ಗದ ಮೇಲಿನ ಒದ್ದೆ ಸೀರೆಯ ಹಿಂದೆ ಅಡಗಿಕೊಂಡೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ 'ಕಿರ್ರ್' ಎಂದು ಸಪ್ಪಳವಾಯಿತು, ಆಮೇಲೆ ಮಾವನವರ ನಗು. ನಟ್ಟು ಬಿಚ್ಚಿತ್ತು.

ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಬಾಗಲಕೋಟೆಯಲ್ಲಿ ನಮ್ಮಪ್ಪನದು ಲೇತ್ ಮಷೀನಿನ ಅಂಗಡಿ. ಬೇರೆ ಹುಡುಗಿಯರು ರಂಗೋಲಿಯ ಚುಕ್ಕಿ ಎಣಿಸುವ ವಯಸ್ಸಿನಲ್ಲಿ ನಾನು ಬೋಲ್ಟಿನ ಹಲ್ಲು ಎಣಿಸುತ್ತಿದ್ದೆ. ಕೆಲವು ಹಳೆಯ ಪರದೇಶದ ಗಾಡಿಗಳಲ್ಲಿ ಎಡಗಡೆ ಚಕ್ರದ ನಟ್ಟುಗಳನ್ನು ಉಲ್ಟಾ ಮಾಡಿರುತ್ತಾರೆ, ಚಕ್ರ ಉರುಳುವಾಗ ಅವು ತಾವಾಗಿ ಸಡಿಲಾಗಬಾರದು ಅಂತ. ಅಪ್ಪ ಇದನ್ನು ನನಗೆ ಅಆಇಈ ಜೊತೆಗೇ ಕಲಿಸಿದ್ದ.

ಮಾವನವರು ಖುಷಿಯಲ್ಲಿ ಹಿಂದಿನ ಎಡಗಡೆ ಚಕ್ರಕ್ಕೂ ಪಾನಾ ಹಾಕಿ ಉಲ್ಟಾ ತಿರುಗಿಸಿದರು. ಅದು ಬಿಗಿಯಾಯಿತು. ಸೀದಾ ತಿರುಗಿಸಿದರು, ಬಿಚ್ಚಿತು. ಈಗ ಅವರೇ ಸೀರೆ ಸರಿಸಿ ನನ್ನನ್ನು ಕೇಳಿದರು: "ಇದಕ್ಕೇನಂತೀಯವಾ?"

"ಮುಂದಿನ ಅಚ್ಚು ಗಾಡೀ ಸಂಗಾಟನ ಬಂದದ್ರಿ. ಹಿಂದಿಂದು ಈ ಗಾಡಿದಲ್ರಿ" ಅಂದೆ.

ಅವರ ನಗು ನಿಂತಿತು. ಅವರಿಗೆ ಇದು ಮೊದಲೇ ಗೊತ್ತಿತ್ತು. ಅದನ್ನು ಕಂಡುಹಿಡಿದದ್ದು ಹದಿನೆಂಟು ದಿನದ ಸೊಸೆ ಎಂಬುದಷ್ಟೇ ಹೊಸದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜು ಹಾಕಿದಾಗ ಅವರ ತಂದೆ ಈ ಪಿಕಪ್ಪನ್ನು ತಂದಿದ್ದರಂತೆ. ಕಾಳಿನ ವ್ಯಾಪಾರದ ಮನೆ. ಪ್ರತಿ ವರ್ಷ ಹೊಸ ಕಾಳು ಬಂದಾಗ ಮೊದಲ ಮೂಟೆಗಳನ್ನು ಇದೇ ಗಾಡಿಯಲ್ಲಿ ಕೂಡಲಸಂಗಮದ ದಾಸೋಹಕ್ಕೆ ಮುಟ್ಟಿಸಿ ಬರುತ್ತಿದ್ದರು. ಒಂದು ಸಲ ಶೇಂಗಾ ಹೇರಿಕೊಂಡು ಬರುವಾಗ ಹುನಗುಂದದ ಹತ್ತಿರ, ಹಿಂದಿನ ಎರಡೂ ಚಕ್ರ ಕೂಡಿಸುವ ಅಚ್ಚು ಕೈಕೊಟ್ಟಿತು. ಅಲ್ಲಿನ ಮಿಸ್ತ್ರಿ ಬೇರೆ ಗಾಡಿಯ ಅಚ್ಚು ಕೂಡಿಸಿ ಕಳಿಸಿದ, ಇದನ್ನು ರಿಪೇರಿಗೆ ಇಟ್ಟುಕೊಂಡ. ಅಷ್ಟರಲ್ಲಿ ಆ ಹಿರಿಯರು, ಮಾವನವರ ತಂದೆ, ತೀರಿಕೊಂಡರು. ಆ ಅಚ್ಚನ್ನು ಕೇಳಲು ಯಾರೂ ಹೋಗಲಿಲ್ಲ.

"ಮುಂದಿಂದು ನಮ್ಮಪ್ಪಂದು, ಹಿಂದಿಂದು ಯಾರದೋ. ಸಂಗಮಕ್ಕ ಹೊಂಡೂದರೊಳಗ ಗಾಡಿ ಮೊದಲ ಹ್ಯಾಂಗ ಬಂದಿತ್ತೋ ಹಂಗ ಆಗಬೇಕು" ಎಂದು ಮಾವನವರು ಅಂದು ಊಟಕ್ಕೆ ಕೂತಾಗ ಹೇಳಿದರು. ಮಹಾನವಮಿಯ ಮರುದಿನ ಹೊರಡುವುದು ರೂಢಿ, ಅದಕ್ಕೆ ಇನ್ನೂ ಐದು ವಾರವಿತ್ತು. ಆಮೇಲೆ ಇಬ್ಬರು ಗಂಡುಮಕ್ಕಳ ಕಡೆ, ಅಂದರೆ ನನ್ನ ಗಂಡ ಮತ್ತು ಮೈದುನನ ಕಡೆ ನೋಡಿ, ಬೆರಳೆತ್ತಿ ಘೋಷಣೆ ಮಾಡಿದರು: "ಖರೆ ಅಚ್ಚು ಯಾರು ತರ್ತಾರೋ, ಈ ಸಲ ಸಂಗಮಕ್ಕ ಅವರ ಗಾಡಿ ಹೊಡೀಬೇಕು."

ನಾನು ರೊಟ್ಟಿ ಬಡಿಸುತ್ತಿದ್ದೆ. ಕೈಯಲ್ಲಿ ರೊಟ್ಟಿ ಹಾಗೇ ಹಿಡಿದು, "ಯಾರು ತಂದ್ರೂ ಏನ್ರಿ ಮಾವಾರ?" ಅಂದೆ.

ಎಲ್ಲರೂ ನಕ್ಕರು. ಮಾವನವರೂ ನಗುತ್ತಲೇ, "ಯಾರು ತಂದ್ರೂ" ಅಂದರು. ಅತ್ತೆಯವರು ಮಾತ್ರ ನಗದೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

ನನ್ನ ಆಸೆ ಏನೆಂದು ಈಗ ಹೇಳಿಬಿಡುತ್ತೇನೆ. ಅಪ್ಪನ ಅಂಗಡಿಯ ಅಂಗಳದಲ್ಲಿ ರಿಪೇರಿಗೆ ಬಂದ ಗಾಡಿಗಳನ್ನು ಹಿಂದೆ ಮುಂದೆ ಸರಿಸುವುದು ನನ್ನ ಕೆಲಸವಾಗಿತ್ತು. ಅಪ್ಪ ಹಟ ಹಿಡಿದು ಬಿಜಾಪುರಕ್ಕೆ ಕರೆದುಕೊಂಡು ಹೋಗಿ ಲೈಸೆನ್ಸನ್ನೂ ಮಾಡಿಸಿದ್ದ. ಅಲ್ಲಿ ಮೈದಾನದಲ್ಲಿ ಎಂಟು ಹಾಕಿಸಿ, 'ಪಾಸು' ಎಂದು ಕಳಿಸಿದ್ದರು. ಅಂಗಳದಲ್ಲಿ ಒಂದನೆಯ ಗೇರು, ಮೈದಾನದಲ್ಲಿ ಎರಡನೆಯ ಗೇರು. ಮೂರನೆಯ ಗೇರು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ರಸ್ತೆ ಬೇಕು. ಹೆಣ್ಣುಮಗಳಿಗೆ ರಸ್ತೆ ಕೊಡುವವರು ಯಾರು? ಇಪ್ಪತ್ತೊಂದು ವರ್ಷದ ನನಗೆ ಜಗತ್ತಿನಲ್ಲಿ ಬೇಕಾದದ್ದು ಅದೊಂದೇ, ಮೂರನೆಯ ಗೇರು. ಬಂಗಾರ ಕೊಡುತ್ತೇವೆ ಅಂದಿದ್ದರೂ ಬೇಡ ಅನ್ನುತ್ತಿದ್ದೆ. ಅಂದರೆ, ಸ್ವಲ್ಪ ವಿಚಾರ ಮಾಡಿ ಬೇಡ ಅನ್ನುತ್ತಿದ್ದೆ.

ಖರೆ ಅಚ್ಚನ್ನು ಗುರುತಿಸುವುದು ಹೇಗೆ? ಅದಕ್ಕೆ ಆ ಮನೆಯಲ್ಲಿ ಒಂದು ಬಾಗಿಲೇ ಇತ್ತು. ಕಾಳಿನ ಕೋಣೆಯ ಬಾಗಿಲ ಒಳಮೈಯಲ್ಲಿ ಹಿರಿಯರು ತಮಗೆ ಬೇಕಾದದ್ದನ್ನೆಲ್ಲ ಬಣ್ಣದಲ್ಲಿ ಬರೆದಿಟ್ಟಿದ್ದರು. ತೊಲೆಗಳು ಎಷ್ಟು, ಕಿಟಕಿಯ ಸರಳು ಎಷ್ಟು, ಬಾವಿಯ ಮೆಟ್ಟಿಲು ಎಷ್ಟು. ಅದರ ಕೆಳಗೆ: 'ಗಾಡಿ ಹಿಂದಿನ ಅಚ್ಚು. ಚಕ್ರ ಒಂದು ಸುತ್ತಿಗೆ ಶಾಫ್ಟು ನಾಲ್ಕು ಸುತ್ತು. ಚೂರು ಕಮ್ಮಿ.' ಇಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ಶಾಫ್ಟು ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದು ಅಚ್ಚಿನ ಹೊಟ್ಟೆಯೊಳಗಿನ ಹಲ್ಲುಗಳ ಮೇಲೆ ನಿಂತಿರುತ್ತದೆ. ಮೇಲೆ ಎಷ್ಟೇ ಬಣ್ಣ ಬಳಿದರೂ ಅದು ಬದಲಾಗುವುದಿಲ್ಲ. ಬಿಡಿಭಾಗ ತರಿಸಲು ಬೇಕಾಗುತ್ತದೆಂದು ಹಿರಿಯರು ಗಾಡಿ ಕೊಂಡ ದಿನವೇ ತಾವೇ ಎಣಿಸಿ ಬರೆದಿಟ್ಟಿದ್ದರು. ಜಾಣ ಮನುಷ್ಯ. ನಾನು ಆ ಬಾಗಿಲಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹುನಗುಂದದ ಆ ಮಿಸ್ತ್ರಿ ಇನ್ನೂ ಬದುಕಿದ್ದ, ಆದರೆ ನೆನಪು ಅರ್ಧ ಸವೆದಿತ್ತು. "ಅಂಥಾವು ಎರಡ ಅಚ್ಚು ಇದ್ದೂವ್ರಿ. ಒಂದು ಇದ ಊರಾಗ ಎತ್ತಿನ ಗಾಡಿಗೆ ಹೋತು, ಒಂದು ಬಾದಾಮಿಗೆ, ಕಲ್ಲ ಹೇರೂ ಟ್ರೇಲರಿಗೆ. ನಿಮ್ದು ಯಾವದಂತ ಹ್ಯಾಂಗ ಹೇಳ್ಲಿ?" ಅಂದ. ಆಗೆಲ್ಲ ಹಾಗೆಯೇ. ಲಾರಿ ಸತ್ತರೆ ಅದರ ಅಚ್ಚು ಎತ್ತಿನ ಗಾಡಿಯ ಕೆಳಗೆ ಇನ್ನೊಂದು ಜನ್ಮ ಪಡೆಯುತ್ತಿತ್ತು. ಮೈದುನ ಮೋಟರ್‌ಸೈಕಲ್ ಹತ್ತಿ ಬಾದಾಮಿಗೆ ಹಾರಿದ. ನಾನು 'ಇವರ' ಜೊತೆ ಹುನಗುಂದದಲ್ಲೇ ಆ ಎತ್ತಿನ ಗಾಡಿ ಹುಡುಕಿಕೊಂಡು ಹೋದೆ. ಮದುವೆಯಾದ ಮೇಲೆ ನಾವಿಬ್ಬರೇ ಹೊರಗೆ ಹೋದದ್ದು ಅದೇ ಮೊದಲು. ಬೇರೆಯವರು ಹೊಸ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ, ನಾನು ಇವರನ್ನು ಎತ್ತಿನ ಗಾಡಿಯ ಕೆಳಗೆ ಮಲಗಿಸಿದೆ.

ಗಾಡಿಯವನು ನಡುವಯಸ್ಸಿನ ಹಸನ್ಮುಖಿ. ಎತ್ತು ಬಿಚ್ಚಿ, ಕಲ್ಲು ಕೊಟ್ಟು ಗಾಡಿ ಎತ್ತಿ ನಿಲ್ಲಿಸಿಕೊಟ್ಟ. ಮೊದಲು ಎಡಗಡೆಯ ನಟ್ಟು ನೋಡಿದೆ. ಉಲ್ಟಾ! ನನಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲಿಲ್ಲ, ಸುತ್ತ ಇಪ್ಪತ್ತು ಮಂದಿ ಕೂಡಿದ್ದರು.

ಇನ್ನು ಎಣಿಸುವುದು. ಒಂದೇ ಚಕ್ರ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಎತ್ತಿ, ಎರಡನ್ನೂ ಸಮನಾಗಿ ತಿರುಗಿಸಬೇಕು. ಎಡಚಕ್ರ ನನ್ನದು, ಬಲಚಕ್ರ ಇವರದು. ಎರಡಕ್ಕೂ ಸುಣ್ಣದ ಗುರುತು ಹಾಕಿದೆವು. ಶಾಫ್ಟು ಕೂಡಿಸುವ ಮೂತಿಗೆ ಒಂದು ಅರಿವೆ ಚೂರು ಕಟ್ಟಿ, ಅದು ಎಷ್ಟು ಸಲ ಮೇಲೆ ಬರುತ್ತದೆಂದು ಎಣಿಸಲು ಗಾಡಿಯವನನ್ನು ಕೂಡಿಸಿದೆವು. ಇವರು ಜೋರಾಗಿ ತಿರುಗಿಸುವರು, ನಾನು ನಿಧಾನ. ಇವರ ಗುರುತು ಮುಂದೆ, ನನ್ನದು ಹಿಂದೆ.

"ಸ್ವಲ್ಪ ತಡದ ತಿರಗಸ್ರಿ. ಎಲ್ಲಿಗ್ ಹೊಂಟೀರಿ?"

"ನೀ ಬರವಲ್ಲಿ ಅಂದ್ರ ನಾ ಏನ್ ಮಾಡ್ಲಿ?"

ಮಂದಿ ನಕ್ಕು ನಕ್ಕು ಸುಸ್ತಾದರು. ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಇಬ್ಬರ ಗುರುತೂ ಕೂಡಿಯೇ ಮೇಲೆ ಬಂತು. ಗಾಡಿಯವನು ಕಾಳು ಅಳೆಯುವವರ ರೂಢಿಯಂತೆ ಮೊದಲ ಸುತ್ತಿಗೆ 'ಒಂದು' ಅನ್ನದೆ ರಾಗವಾಗಿ ಎಣಿಸಿದ: "ಲಾಭ... ಎರಡ... ಮೂರ... ನಾಕ... ಐದ! ಇಲ್ರಿ ಯಕ್ಕಾ, ಐದಕ್ಕ ಚೂರು ಕಮ್ಮಿ."

ಐದು. ಬಾಗಿಲಲ್ಲಿ ನಾಲ್ಕು. ನನ್ನ ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಇಳಕಲ್ ಬರುವವರೆಗೂ ಇವರು ಏನೇನೋ ಹೇಳಿ ನಗಿಸಲು ನೋಡಿದರು, ನಾನು ನಗಲಿಲ್ಲ.

ಮರುದಿನ ಮೈದುನ ಬಾದಾಮಿಯ ಅಚ್ಚನ್ನು ಟ್ರ್ಯಾಕ್ಟರಿನ ಮೇಲೆ ಹೇರಿಸಿಕೊಂಡು, ಅಡಿಯಿಂದ ಮುಡಿಯವರೆಗೆ ಕೆಂಪು ಕಲ್ಲಿನ ಧೂಳು ಮೆತ್ತಿಕೊಂಡು ಬಂದಿಳಿದ. ಅಂಗಳದಲ್ಲಿ ಮಾವನವರೇ ಕೂತು ಎಣಿಸಿದರು. ಶಾಲೆಯಲ್ಲಿ ಕಲಿತ ಹಾಗೆ ಒಂದು, ಎರಡು, ಮೂರು, ನಾಲ್ಕಕ್ಕೆ ಚೂರು ಕಮ್ಮಿ! ಅಕ್ಷರಶಃ ಬಾಗಿಲಿನ ಮಾತು. ಮಾವನವರ ಕಣ್ಣಲ್ಲಿ ನೀರು ಬಂತು. ನಾನು ಬಗ್ಗಿ ನಟ್ಟು ನೋಡಿದೆ. ಟ್ರೇಲರಿನವರು ಎಲ್ಲ ಬೋಲ್ಟುಗಳನ್ನೂ ಬದಲಿಸಿದ್ದರು, ಉಲ್ಟಾನೋ ಸೀದಾನೋ ತಿಳಿಯುವಂತಿರಲಿಲ್ಲ.

"ಹುನಗುಂದದ್ದರಾಗ ಎಡಗಡಿ ನಟ್ ಉಲ್ಟಾ ಅದಾವ್ರಿ ಮಾವಾರ. ಮುಂದಿನ ಅಚ್ಚಿನಾಗ ಇದ್ದಾಂಗ" ಅಂದೆ.

"ನಮ್ಮಪ್ಪನ ಅಕ್ಷರಕ್ಕಿಂತ ನಿನ್ನ ನಟ್ ದೊಡ್ಡದೇನವಾ?" ಅಂದರು.

ಮೈದುನ ಪಿಕಪ್ಪಿನಲ್ಲಿ ಕೂತು ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸುತ್ತ, ಬಾಯಿಂದಲೇ 'ಪೋಂ ಪೋಂ' ಎಂದು ಹಾರ್ನ್ ಹಾಕಿದ. "ವೈನಿ, ಸರೀರಿ, ಗಾಡಿ ಬಂತು!" ನನಗೆ ಅಳು ಬಂತು, ಸಿಟ್ಟೂ ಬಂತು. ಅಂದು ನನ್ನ ಕೈಯ ರೊಟ್ಟಿಗಳೆಲ್ಲ ಕರಿಯಾದವು. ಅವನ ತಾಟಿಗೆ ಆರಿಸಿ ಆರಿಸಿ ಅವನ್ನೇ ಹಾಕಿದೆ.

ಆಚೆ ವಾರ ಹೊಲದಿಂದ ಹೊಸ ಸಜ್ಜೆ ಬಂತು. ಅತ್ತೆಯವರು ಸೇರಿನಿಂದ ಅಳೆದು ಹಾಕುವುದು, ನಾನು ಚೀಲ ಹಿಡಿಯುವುದು. ಮೊದಲ ಸೇರನ್ನು "ಲಾಭ" ಎಂದು ಒಂದು ಮಡಕೆಗೆ ಸುರಿದರು. ಎರಡನೆಯದನ್ನು ಚೀಲಕ್ಕೆ ಹಾಕುತ್ತ, "ಒಂದು" ಅಂದರು.

ನಮ್ಮಲ್ಲಿ ಲಾಭದ ಮುಂದೆ ಎರಡು. ಹುನಗುಂದದ ಗಾಡಿಯವನೂ ಹಾಗೇ ಎಣಿಸಿದ್ದ. ವಯಸ್ಸಾದವರು, ಮರೆತಿದ್ದಾರೆ ಎಂದುಕೊಂಡು, "ಎರಡಲ್ಲೇನ್ರಿ ಅತ್ತಿಯಾರ?" ಅಂದೆ.

"ನಿಮ್ಮ ಬಾಗಲಕೋಟಿ ರೂಢಿ ಇಲ್ಲಿ ತರಬ್ಯಾಡ" ಎಂದು ಅತ್ತೆಯವರು ಸೇರನ್ನು ನೆಲಕ್ಕೆ ಕುಕ್ಕಿದರು. "ಲಾಭ ಸಂಗಮನಾಥಂದು. ದೇವರದು ನಮ್ಮ ಎಣಿಕ್ಯಾಗ ಹ್ಯಾಂಗ ಬರತೇತಿ? ಅದನ್ನ ಬಿಟ್ಟ ಎಣಸಬೇಕು. ನಮ್ಮ ಮಾವಾರು ಹಾಕಿದ ರೂಢಿ ಇದು. ಅವರಂತೂ ಕಾಳಷ್ಟ ಅಲ್ಲ, ಏನ ಎಣಿಸಿದ್ರೂ ಮೊದಲನೇದು ಲಾಭ ಅಂತ ಬಿಟ್ಟ ಬಿಡತಿದ್ರು. ನನಗ ಮೂರ ಮಕ್ಕಳಾದ ಮ್ಯಾಲೂ ಎರಡ ಮೊಮ್ಮಕ್ಕಳು ಅಂತ ಹೇಳಿ ಬೈಸಿಕೊಂಡಾರ!"

ನನ್ನ ಕೈಯಿಂದ ಚೀಲ ಜಾರಿತು. ಸಜ್ಜೆ ಕೋಣೆಯ ತುಂಬ ಹರಡಿತು. ಅತ್ತೆಯವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ನಾನು ಅವರನ್ನು ಅಪ್ಪಿಕೊಂಡು, ಅವರ ಕೆನ್ನೆಗೆ ಸಜ್ಜೆಯ ಹೊಟ್ಟು ಮೆತ್ತಿ, ಹೊರಗೆ ಓಡಿದೆ. ಸೊಸೆ ಹಾಗೆ ಓಡಬಾರದು. ಆ ಹೊತ್ತಿನಲ್ಲಿ ನಾನು ಯಾರ ಸೊಸೆಯೂ ಆಗಿರಲಿಲ್ಲ.

"ಮಾವಾರ! ಅಜ್ಜಾರು ಒಂದ ಸುತ್ತು ದೇವರಿಗೆ ಬಿಟ್ಟಾರ್ರಿ!"

ಬಾಗಿಲಿನ ನಾಲ್ಕು ಅಂದರೆ ಖರೆ ಲೆಕ್ಕದಲ್ಲಿ ಐದು, ಅದು ಹುನಗುಂದದ ಅಚ್ಚು ಎಂದು ಮಾವನವರಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಕಾಳಿಗೆ ಅವರೂ ಹಾಗೆಯೇ ಎಣಿಸುತ್ತಿದ್ದರು. ಆದರೆ ಅಪ್ಪ ಗಾಡಿಯ ಶಾಫ್ಟಿನಲ್ಲೂ ದೇವರ ಪಾಲು ತೆಗೆದಿಟ್ಟಿರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಮೈದುನ ಒಪ್ಪಲಿಲ್ಲ. "ಇದೆಲ್ಲಾ ವೈನಿ ಕಟ್ಟಿದ್ದ ಕತಿ. ಸಾಕ್ಷಿ ಏನೈತಿ?" ಅಂದ.

ಸಾಕ್ಷಿ ಬಾಗಿಲ ಮೇಲೇ ಇತ್ತು. 'ಬಾವಿ ಮೆಟ್ಟಿಲು ಇಪ್ಪತ್ತಾರು.'

ಎಲ್ಲರೂ ಹಿತ್ತಲ ಬಾವಿಗೆ ನುಗ್ಗಿದೆವು. ಮಾವನವರು ಯಾರನ್ನೂ ಇಳಿಯಗೊಡಲಿಲ್ಲ. ಧೋತರ ಎತ್ತಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಗಟ್ಟಿಯಾಗಿ ಹೇಳುತ್ತ ತಾವೇ ಇಳಿದರು. ಅರವತ್ತು ವರ್ಷ ಅದೇ ಬಾವಿಯ ನೀರು ಕುಡಿದ ಮನುಷ್ಯ, ಒಮ್ಮೆಯೂ ಎಣಿಸಿರಲಿಲ್ಲ. ಇಪ್ಪತ್ತಮೂರು, ಇಪ್ಪತ್ನಾಲ್ಕು. ನಾನು ಕಟ್ಟೆಯ ಮೇಲೆ ಬಗ್ಗಿ ಸೆರಗು ಕಚ್ಚಿ ಹಿಡಿದಿದ್ದೆ. ಇಪ್ಪತ್ತಾರು ಎಂದ ಮೇಲೆ ದನಿ ನಿಂತಿತು. ಆಮೇಲೆ ಕೆಳಗೆ ನೀರಿನ ಹತ್ತಿರದಿಂದ, ಬಾವಿ ತುಂಬ ಮೊಳಗುವಂತೆ ಕೇಳಿಸಿತು:

"ಇಪ್ಪತ್ತೇಳ! ಇಪ್ಪತ್ತೇಳ ಅದಾವಲೇ!"

ನಾನು ಓಡಿ ಹೋಗಿ ಕಿಟಕಿಯ ಸರಳು ಎಣಿಸಿದೆ. ಬಾಗಿಲಲ್ಲಿ ಆರು, ಕಿಟಕಿಯಲ್ಲಿ ಏಳು. ಅತ್ತೆಯವರು ತಲೆ ಮೇಲೆತ್ತಿ ತೊಲೆ ಎಣಿಸಿದರು. ಅಲ್ಲೂ ಒಂದು ಹೆಚ್ಚು. ಮನೆ ತುಂಬ ಎಲ್ಲರೂ ಕೈಗೆ ಸಿಕ್ಕದ್ದನ್ನೆಲ್ಲ ಎಣಿಸುತ್ತ, ಒಬ್ಬರಿಗೊಬ್ಬರು ಕೂಗಿ ಹೇಳುತ್ತ, ಹುಚ್ಚು ಹಿಡಿದವರಂತೆ ಓಡಾಡಿದೆವು. ಮಾವನವರು ಬಾವಿಯಿಂದ ಮೇಲೆ ಬಂದವರು ಏದುಸಿರು ಬಿಡುತ್ತ ಬಾಗಿಲ ಮುಂದೆ ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. "ನನ್ನಪ್ಪಾ, ಅಚ್ಚಿನಾಗೂ ಬಿಡಲಿಲ್ಲೋ ನೀ" ಅಂದರು.

ಹುನಗುಂದದ ಗಾಡಿಯವನು ತಕರಾರು ಮಾಡಲಿಲ್ಲ. ಬಾದಾಮಿಯ ಅಚ್ಚನ್ನು ಅವನ ಗಾಡಿಗೆ ಕೂಡಿಸಿಕೊಟ್ಟೆವು. "ಎತ್ತಿಗೆ ನಾಕಾದ್ರೇನ್ರಿ, ಐದಾದ್ರೇನ್ರಿ" ಅಂದ. ನಮ್ಮ ಅಚ್ಚು ನಮ್ಮ ಪಿಕಪ್ಪಿನ ಕೆಳಗೆ, ತನ್ನದೇ ತೂತುಗಳಿಗೆ, ಬಳೆಯೊಳಗೆ ಕೈ ಹೋದಂತೆ ಹೋಗಿ ಕೂತಿತು. ಆಮೇಲೆ ಒಂದು ವಾರ ಮಾವನವರು ಬಂದವರಿಗೆಲ್ಲ ಹಿಂದಿನ ಎಡಗಡೆಯ ನಟ್ಟನ್ನು ಉಲ್ಟಾ ಬಿಚ್ಚಿ, ಉಲ್ಟಾ ಹಾಕಿ ತೋರಿಸಿದರು. "ನನ್ನ ಸೊಸಿ ಹೇಳಿದ್ಲು" ಎಂದು ಪ್ರತಿ ಸಲ ಹೇಳುತ್ತಿದ್ದರು. ನಾನು ಒಳಗೆ ನಿಂತು ಪ್ರತಿ ಸಲ ಕೇಳಿಸಿಕೊಳ್ಳುತ್ತಿದ್ದೆ.

ಮಹಾನವಮಿಯ ಪೂಜೆ ಆದ ಮರುದಿನ ಗಾಡಿ ಹೊರಡಬೇಕು. ಮೈದುನ ಕೊನೆಯ ಪ್ರಯತ್ನ ಮಾಡಿದ: "ಅಪ್ಪಾ, ಹೆಣ್ಣಮಕ್ಕಳು ಗಾಡಿ ಹೊಡದ್ರ ಮಂದಿ ಏನಂತಾರ?"

"ಮಂದಿ ಬಾಜೂಕ ಸರೀತಾರ" ಎಂದು ಮಾವನವರು ಹಿಂದೆ ಹತ್ತಿ ಸಜ್ಜೆಯ ಮೂಟೆಯ ಮೇಲೆ ಕೂತರು. ಇವರೂ ಹಿಂದೆ ಹತ್ತಿದರು. ಅತ್ತೆಯವರು ಯಾರನ್ನೂ ಕೇಳದೆ ಮುಂದೆ ನನ್ನ ಪಕ್ಕದಲ್ಲಿ ಬಂದು ಕೂತು, ಲಾಭದ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಓಣಿಯ ಎರಡೂ ಕಡೆ ಜನ. ಮಗ್ಗ ನಿಲ್ಲಿಸಿ ಬಂದವರೂ ಇದ್ದರು. ಬ್ಯಾಟರಿ ಸತ್ತಿದ್ದರಿಂದ ಮುಂದೆ ಹ್ಯಾಂಡಲ್ ಹೊಡೆಯುವ ಕೆಲಸ ಸೋತ ಮೈದುನನ ಪಾಲಿಗೆ ಬಂದಿತ್ತು. ಇಂಜಿನ್ ಗುಡುಗಿತು. ನಾನು ಗೇರು ಹಾಕಿದೆ, ಕ್ಲಚ್ ಬಿಟ್ಟೆ. ಗಾಡಿ ಕಪ್ಪೆಯಂತೆ ಒಮ್ಮೆ ಮುಂದಕ್ಕೆ ಜಿಗಿದು, ಗಕ್ಕನೆ ನಿಂತು, ಬಂದಾಯಿತು.

ನನ್ನ ಕಿವಿ ಬಿಸಿಯಾದವು. ಇಳಿದು ಓಡಿಹೋಗಬೇಕೆನಿಸಿತು. ಮೈದುನ ಹ್ಯಾಂಡಲ್ ಮೇಲೆತ್ತಿ ಊರಿಗೆಲ್ಲ ಕೇಳುವಂತೆ ಕೂಗಿದ: "ಒಂದ!"

ಹಿಂದಿನಿಂದ, ಮೂಟೆಯ ಮೇಲಿನಿಂದ, ಮಾವನವರ ದನಿ ಬಂತು.

"ಏ, ಅದು ಲಾಭಲೇ! ಎಣಿಸಬ್ಯಾಡ. ಹೊಡಿ ಹ್ಯಾಂಡಲ್."

ಎರಡನೆಯ ಸಲ ಗಾಡಿ ನಿಲ್ಲಲಿಲ್ಲ. ಜನ ಬದಿಗೆ ಸರಿದರು. ಊರು ದಾಟಿ ಹುನಗುಂದದ ರಸ್ತೆಗೆ ಬಿದ್ದ ಮೇಲೆ ನಾನು ಉಸಿರು ಬಿಗಿಹಿಡಿದು ಮೂರನೆಯ ಗೇರು ಹಾಕಿದೆ. ಇಂಜಿನ್ನಿನ ಗದ್ದಲ ಇಳಿಯಿತು, ಗಾಳಿ ಬಂತು, ಎರಡೂ ಕಡೆಯ ಹೊಲಗಳು ಓಡತೊಡಗಿದವು. ನಾನು ಗಟ್ಟಿಯಾಗಿ ನಕ್ಕೆ. ಅತ್ತೆಯವರು ಒಂದು ಕೈಯಲ್ಲಿ ಮಡಕೆ, ಇನ್ನೊಂದರಲ್ಲಿ ನನ್ನ ಸೆರಗು ಭದ್ರವಾಗಿ ಹಿಡಿದು, ಕಣ್ಣು ರಸ್ತೆಯಿಂದ ತೆಗೆಯದೆ ಕೇಳಿದರು:

"ಇನ್ನೊಂದ ಗೇರ ಐತೇನ?"

"ಐತ್ರಿ ಅತ್ತಿಯಾರ" ಅಂದೆ.

"ಮತ್ತ ಯಾಕ ಕುಂತಿ? ಹಾಕ."